ಅಪ್ಪ ತೋಟಕ್ಕೆ ಹೋದರೂ ನೆಟ್ಟು ಮನೆಯಲ್ಲೇ ಇರಲಿ: ಹಾಟ್‌ಸ್ಪಾಟ್ ಸೂತ್ರಗಳು

ಸಂತೇಬೆನ್ನೂರಿನ ಎಷ್ಟೋ ಮನೆಗಳಲ್ಲಿ ಇಂಟರ್ನೆಟ್ ಬೆಳಿಗ್ಗೆ ಏಳಕ್ಕೇ ಹೊರಟುಬಿಡುತ್ತದೆ. ಅಪ್ಪನ ಅಂಗಿಯ ಜೇಬಿನಲ್ಲಿ ಕೂತು ಅಡಿಕೆ ತೋಟಕ್ಕೆ ಹೋಗುತ್ತದೆ, ಅಲ್ಲಿಂದ ಚನ್ನಗಿರಿಗೆ, ಮತ್ತೆ ಮನೆ ಸೇರುವುದು ದೀಪ ಹಚ್ಚಿದ ಮೇಲೆ. ಅಲ್ಲಿಯವರೆಗೆ ಮಗಳ ನೋಟ್ಸ್ ಇಳಿಯುವುದಿಲ್ಲ, ಅವ್ವನ ಅರ್ಜಿ ತುಂಬುವುದಿಲ್ಲ. ಬೆಂಗಳೂರಿನ ಕೆಲಸವನ್ನು ಊರಿನಿಂದಲೇ ಮಾಡುತ್ತೇನೆಂದು ಲ್ಯಾಪ್‌ಟಾಪ್ ಹೊತ್ತು ಬಂದ ಮಗ ಅಂಗಳದಲ್ಲಿ ಶತಪಥ ಹಾಕುತ್ತಾನೆ. 2020-21ರಲ್ಲಿ ಶಾಲೆಗಳು ಮುಚ್ಚಿದ್ದಾಗ ಈ ಕಷ್ಟ ಮನೆಮನೆಗೂ ಗೊತ್ತಾಯಿತು. ಶಾಲೆ ತೆರೆದ ಮೇಲೆ ಮರೆತೆವು. ಕಷ್ಟ ಮಾತ್ರ ಹಾಗೇ ಇದೆ.

ಫೈಬರ್ ವೈರು ಬಾರದ ಬೀದಿಯಲ್ಲಿ ಫೋನಿನ ಹಾಟ್‌ಸ್ಪಾಟ್‌ನಿಂದಲೇ ಮನೆ ನಡೆಸಬಹುದು. ಒಂದೇ ಕರಾರು: ಅದನ್ನು ಯಾರದೋ ಫೋನಿನಿಂದ ಕೇಳಿ ಪಡೆಯುವ ಉಪಕಾರವೆಂದುಕೊಳ್ಳದೆ, ಕುಡಿಯುವ ನೀರಿನಂತೆ, ಕರೆಂಟಿನ ಮೀಟರಿನಂತೆ ಮನೆಗೆ ಸೇರಿದ ಸೌಕರ್ಯವೆಂದು ನೋಡಬೇಕು. ಸಂತೇಬೆನ್ನೂರಿಗೆ ಹೇಳಿದ್ದು ಹೊನ್ನಾಳಿ, ನ್ಯಾಮತಿ, ಜಗಳೂರಿಗೂ ಹೊಂದುತ್ತದೆ.

1. ಹಾಟ್‌ಸ್ಪಾಟ್‌ಗೇ ಒಂದು ಫೋನು ಮೀಸಲಿಡಿ

ಇದೊಂದನ್ನು ಮಾಡಿದರೆ ಅರ್ಧ ಕೆಲಸ ಮುಗಿದಂತೆ. ಹಳೆಯ 4ಜಿ ಫೋನು ಬೀರುವಿನಲ್ಲಿ ಬಿದ್ದಿರುತ್ತದೆ. ಗಾಜು ಒಡೆದಿರಲಿ, ಕ್ಯಾಮೆರಾ ಕೆಟ್ಟಿರಲಿ, ಚಿಂತೆಯಿಲ್ಲ. ಬ್ಯಾಟರಿ ಉಬ್ಬಿರಬಾರದು, ಚಾರ್ಜಿಂಗ್ ಪಿನ್ನು ಸಡಿಲವಾಗಿರಬಾರದು, ಅಷ್ಟೇ. ಫೋನನ್ನು ಫ್ಯಾಕ್ಟರಿ ರೀಸೆಟ್ ಮಾಡಿ, ಬೇಡದ ಆ್ಯಪ್‌ಗಳನ್ನೆಲ್ಲ ತೆಗೆದು, ಹೊಸ ಸಿಮ್ಮು ಹಾಕಿ ಒಂದು ಜಾಗದಲ್ಲಿ ಕೂರಿಸಿ. ಇನ್ನು ಅದು ಫೋನಲ್ಲ, ಮನೆಯ ನೆಟ್ಟಿನ ಪೆಟ್ಟಿಗೆ. ಯಾರೂ ಜೇಬಿಗೆ ಹಾಕಿಕೊಳ್ಳುವಂತಿಲ್ಲ.

ಬ್ಯಾಂಕಿಗೆ, ಆಧಾರ್‌ಗೆ ಜೋಡಿಸಿದ ನಂಬರಿನ ಸಿಮ್ಮನ್ನು ಮಾತ್ರ ಇದಕ್ಕೆ ಹಾಕಬೇಡಿ. ನಡುಮನೆಯಲ್ಲಿ ಬಿದ್ದಿರುವ ಫೋನಿಗೆ ಒಟಿಪಿ ಬರುವುದು ಒಳ್ಳೆಯದಲ್ಲ. ಒಬ್ಬರ ಹೆಸರಿನಲ್ಲಿ ಒಂಬತ್ತು ಸಿಮ್ಮುಗಳವರೆಗೆ ಅವಕಾಶವಿದೆ, ಆದ್ದರಿಂದ ಮನೆಗೆಂದು ಇನ್ನೊಂದು ಪಡೆಯಲು ತೊಡಕಿಲ್ಲ. ಸಾಧ್ಯವಾದರೆ ಆ ಸಿಮ್ಮು ಹಗಲೆಲ್ಲ ಮನೆಯಲ್ಲಿರುವ ಹೆಣ್ಣುಮಗಳ ಹೆಸರಿನಲ್ಲಿರಲಿ. ರೀಚಾರ್ಜ್ ಮುಗಿದ ದಿನ ಯಾರನ್ನೂ ಕಾಯದೆ ತಾನೇ ಮಾಡಿಸಿಕೊಳ್ಳುವ ಅಧಿಕಾರ ಅವಳಿಗಿರಬೇಕು. ಈ ಮಾತನ್ನು ನಾನು ಒತ್ತಿ ಹೇಳುತ್ತೇನೆ. ಫೋನು ಯಾರ ಕೈಯಲ್ಲಿದೆಯೋ ಅವರದೇ ಇಂಟರ್ನೆಟ್ ಎಂಬ ರೂಢಿಯಿಂದ ನಮ್ಮ ಕಡೆಯ ಎಷ್ಟೋ ಹುಡುಗಿಯರ ಓದು ಹಿಂದೆ ಬಿದ್ದಿದೆ.

2. ಒಂದು ವಾರ ಲೆಕ್ಕ ಬರೆಯಿರಿ, ಆಮೇಲೆ ಪ್ಯಾಕು ಕೊಳ್ಳಿ

ಅಂಗಡಿಯವರು ಹೇಳಿದ ಪ್ಯಾಕು ಹಾಕಿಸಿಕೊಂಡು ಮೂರನೇ ದಿನಕ್ಕೆ ಬೇಸರಪಡುವವರೇ ಹೆಚ್ಚು. ಲೆಕ್ಕ ಸುಲಭ. 1 ಎಂಬಿಪಿಎಸ್ ವೇಗದಲ್ಲಿ ಒಂದು ಗಂಟೆ ಡೇಟಾ ಹರಿದರೆ 450 ಎಂಬಿ ಖರ್ಚು. ವಿಡಿಯೊ ತರಗತಿ 1.5 ಎಂಬಿಪಿಎಸ್ ಎಳೆದರೆ ಗಂಟೆಗೆ 675 ಎಂಬಿ. ಇಬ್ಬರು ಮಕ್ಕಳು ತಲಾ ಎರಡು ಗಂಟೆ ನೋಡಿದರೆ 2.7 ಜಿಬಿ ಆಯಿತು. ದಿನಕ್ಕೆ 2 ಜಿಬಿ ಪ್ಯಾಕಿನ ಮನೆಯಲ್ಲಿ ಎರಡನೇ ಮಗುವಿನ ಪಾಠ ನಡುವೆಯೇ ನಿಲ್ಲುತ್ತದೆ.

ದಿನದ ಕೋಟಾ ಮುಗಿದ ಮೇಲೆ ಸಾಮಾನ್ಯವಾಗಿ ಸಿಗುವುದು 64 ಕೆಬಿಪಿಎಸ್. ಅಂದರೆ ಸೆಕೆಂಡಿಗೆ 8 ಕೆಬಿ. ಒಂದು ಎಂಬಿಯ ಪಹಣಿ ಪಿಡಿಎಫ್ ಇಳಿಯಲು ಎರಡು ನಿಮಿಷ ದಾಟುತ್ತದೆ. ವಾಟ್ಸ್ಆ್ಯಪ್‌ನ ಅಕ್ಷರದ ಸಂದೇಶ ತಡವಾಗಿಯಾದರೂ ಹೋದೀತು, ವಿಡಿಯೊ ಆಗದ ಮಾತು.

ಆಂಡ್ರಾಯ್ಡ್ ಫೋನಿನ ಡೇಟಾ ಬಳಕೆಯ ಪುಟದಲ್ಲಿ ಹಾಟ್‌ಸ್ಪಾಟ್‌ಗೆ ಎಷ್ಟು ಹೋಯಿತೆಂಬುದು ಬೇರೆಯಾಗಿ ಕಾಣುತ್ತದೆ. ಏಳು ದಿನ ರಾತ್ರಿ ಅದನ್ನು ನೋಡಿ, ಹಾಲಿನ ಲೆಕ್ಕದ ಪಕ್ಕದಲ್ಲೇ ಬರೆದಿಡಿ. ಆ ಏಳು ಅಂಕಿಗಳಲ್ಲಿ ಅತಿ ದೊಡ್ಡದನ್ನು ನೋಡಿ ಪ್ಯಾಕು ಆರಿಸಿ, ಸರಾಸರಿಯನ್ನಲ್ಲ. ಪರೀಕ್ಷೆ ಇರುವುದು, ಸಂದರ್ಶನ ಇರುವುದು ಆ ದೊಡ್ಡ ದಿನದಲ್ಲೇ.

3. ಊರಿನ ಸಿಗ್ನಲ್ ಕೇಳಬೇಡಿ, ನಿಮ್ಮ ಮನೆಯ ಗೋಡೆ ಕೇಳಿ

ಬಸ್ ಸ್ಟ್ಯಾಂಡಿನಲ್ಲಿ ಚೆನ್ನಾಗಿ ಬರುವ ಕಂಪನಿ ನಿಮ್ಮ ಹಿತ್ತಲಲ್ಲಿ ಸೊನ್ನೆಯಾಗಿರಬಹುದು. ಬೇರೆ ಬೇರೆ ಕಂಪನಿಯ ಸಿಮ್ಮಿರುವ ನೆಂಟರನ್ನೋ ಗೆಳೆಯರನ್ನೋ ಚಹಾಕ್ಕೆ ಕರೆಯಿರಿ, ಅವರ ಫೋನು ಹಿಡಿದು ಮನೆಯೆಲ್ಲ ಸುತ್ತಿ. ಪಡಸಾಲೆ, ಅಟ್ಟ, ಮೇಲಿನ ತಾರಸಿ, ಬೀದಿ ಕಡೆಯ ಕಿಟಕಿ, ಎಲ್ಲ ಕಡೆ ನೋಡಿ. ಬೆಳಿಗ್ಗೆ ಆರಕ್ಕೊಮ್ಮೆ, ರಾತ್ರಿ ಒಂಬತ್ತಕ್ಕೊಮ್ಮೆ ಅಳೆಯಿರಿ. ಊರೆಲ್ಲ ಊಟ ಮಾಡಿ ಫೋನು ಹಿಡಿಯುವ ಹೊತ್ತಿನಲ್ಲಿ ಬರುವ ವೇಗವೇ ನಿಜವಾದ ವೇಗ. ಒಂದು ಟವರಿನ ವೇಗವನ್ನು ಅದರಡಿ ಇರುವವರೆಲ್ಲ ಹಂಚಿಕೊಳ್ಳುತ್ತಾರೆ.

ಕಡ್ಡಿಗಳನ್ನು ನಂಬಬೇಡಿ. ಸೆಟ್ಟಿಂಗ್ಸ್‌ನಲ್ಲಿ ಫೋನಿನ ಮಾಹಿತಿ, ಅದರೊಳಗೆ ಸಿಮ್ ಸ್ಥಿತಿ ತೆರೆದರೆ ಮೈನಸ್ ಚಿಹ್ನೆಯ ಒಂದು ಅಂಕಿ ಕಾಣುತ್ತದೆ, ಪಕ್ಕದಲ್ಲಿ ಡಿಬಿಎಂ ಎಂದಿರುತ್ತದೆ. 4ಜಿಯಲ್ಲಿ ಮೈನಸ್ 90 ಅಥವಾ ಅದಕ್ಕಿಂತ ಸಣ್ಣ ಅಂಕಿ, ಅಂದರೆ 85, 80 ಬಂದರೆ ಚೆನ್ನಾಗಿದೆ. 100ರ ಸುತ್ತ ಇದ್ದರೆ ನಡೆಯುತ್ತದೆ. 110 ದಾಟಿದರೆ ಆ ಜಾಗ ಬಿಡಿ. ವೇಗ ಅಳೆಯಲು ದೂರಸಂಪರ್ಕ ನಿಯಂತ್ರಣ ಸಂಸ್ಥೆಯಾದ ಟ್ರಾಯ್‌ನದೇ ಮೈಸ್ಪೀಡ್ ಆ್ಯಪ್ ಇದೆ. ಡೌನ್‌ಲೋಡ್ ಒಂದನ್ನೇ ನೋಡಿ ಹಿಗ್ಗಬೇಡಿ. ನಿಮ್ಮ ಮುಖ ಆ ಕಡೆಗೆ ಕಾಣಬೇಕಾದರೆ ಅಪ್‌ಲೋಡ್ ಬೇಕು. 2023ರ ಜನವರಿಯಲ್ಲಿ ಕೇಂದ್ರ ಸರ್ಕಾರ ಬ್ರಾಡ್‌ಬ್ಯಾಂಡ್ ಎನಿಸಿಕೊಳ್ಳಲು ಬೇಕಾದ ಕನಿಷ್ಠ ಡೌನ್‌ಲೋಡ್ ವೇಗವನ್ನು 512 ಕೆಬಿಪಿಎಸ್‌ನಿಂದ 2 ಎಂಬಿಪಿಎಸ್‌ಗೆ ಏರಿಸಿತು. ಅದು ಕಾಗದದ ಕನಿಷ್ಠ. ಒಬ್ಬರು ತರಗತಿ ಕೇಳುತ್ತ ಇನ್ನೊಬ್ಬರು ಕೆಲಸ ಮಾಡಬೇಕಾದರೆ ರಾತ್ರಿ ಒಂಬತ್ತಕ್ಕೂ ಡೌನ್‌ಲೋಡ್ 8, ಅಪ್‌ಲೋಡ್ 2 ಎಂಬಿಪಿಎಸ್ ಇರಲಿ ಎಂಬುದು ನನ್ನ ಅಳತೆ.

ಇಷ್ಟಾದ ಮೇಲೂ ಅವಸರದಲ್ಲಿ ನಂಬರ್ ಪೋರ್ಟ್ ಮಾಡಬೇಡಿ. ಒಮ್ಮೆ ಪೋರ್ಟ್ ಆದರೆ 90 ದಿನ ಅಲ್ಲೇ ಇರಬೇಕು. ಆ ಕಂಪನಿಯ ಹೊಸ ಸಿಮ್ಮು ಒಂದನ್ನು ತಿಂಗಳ ಮಟ್ಟಿಗೆ ಬಳಸಿ ನೋಡಿ.

4. ಪೆಟ್ಟಿಗೆಯ ಜಾಗ ಆರಿಸುವುದರಲ್ಲಿದೆ ಜಾಣತನ

ಸಂತೇಬೆನ್ನೂರಿನ ಪುಷ್ಕರಿಣಿಯ ದಡದ ಮೇಲೆ ಒಮ್ಮೆ, ಮೆಟ್ಟಿಲಿಳಿದು ನೀರಿನ ಅಂಚಿನಲ್ಲಿ ಒಮ್ಮೆ ಆ ಡಿಬಿಎಂ ಅಂಕಿ ನೋಡಿ. ಪಾಳೇಗಾರ ಕೆಂಗ ಹನುಮಂತ ನಾಯಕನ ಕಾಲದ ಆ ಕಲ್ಲಿನ ಮೆಟ್ಟಿಲುಗಳು ಸಿಗ್ನಲ್‌ನ ಪಾಠವನ್ನೂ ಹೇಳುತ್ತವೆ: ಟವರಿಗೂ ನಿಮಗೂ ನಡುವೆ ಕಲ್ಲು ಮಣ್ಣು ಹೆಚ್ಚಿದಷ್ಟೂ ಸಿಗ್ನಲ್ ಸೊರಗುತ್ತದೆ. ತಗ್ಗಿನಲ್ಲಿರುವ ಮನೆಯಲ್ಲಿ ಆಗುವುದೂ ಇದೇ.

ಹಂಚಿನ ಮನೆ ಸಿಗ್ನಲ್‌ಗೆ ಒಳ್ಳೆಯದು. ತಗಡಿನ ಶೀಟು ಅದನ್ನು ಹಿಂದಕ್ಕೆ ತಳ್ಳುತ್ತದೆ. ಆರ್‌ಸಿಸಿ ಛಾವಣಿಯ ಕಬ್ಬಿಣದ ಕಂಬಿಗಳೂ ತಡೆಯುತ್ತವೆ. ಹಳೆಯ ಮಣ್ಣುಗೋಡೆ ತಂಪು ನಿಜ, ಆದರೆ ಆ ದಪ್ಪ ದಾಟಿ ಬರುವ ಹೊತ್ತಿಗೆ ಸಿಗ್ನಲ್ ಸೋತಿರುತ್ತದೆ. ಆದ್ದರಿಂದ ಫೋನು ಟವರಿನ ದಿಕ್ಕಿನ ಕಿಟಕಿಯ ಹತ್ತಿರ, ಎದೆಯ ಮಟ್ಟಕ್ಕಿಂತ ಮೇಲೆ ಇರಲಿ. ಬೀರುವಿನೊಳಗೆ, ಫ್ರಿಜ್ಜಿನ ಮೇಲೆ, ಟಿವಿಯ ಹಿಂದೆ ಬೇಡ. ಒಂದು ಅಡಿ ಅತ್ತಿತ್ತ ಸರಿಸಿದರೂ ಅಂಕಿ ಬದಲಾಗುತ್ತದೆ, ಅರ್ಧ ಗಂಟೆ ತಾಳ್ಮೆಯಿಂದ ಸರಿಸುತ್ತ ನೋಡಿ. ತೋಟದ ನಡುವಿನ ಮನೆಯವರು ಮಳೆಗಾಲದಲ್ಲಿ ಮತ್ತೊಮ್ಮೆ ಅಳೆಯಬೇಕು. ಒದ್ದೆ ಸೋಗೆಗಳು ಸಿಗ್ನಲ್ ಹೀರುತ್ತವೆ, ಬೇಸಿಗೆಯಲ್ಲಿ ಸಿಕ್ಕ ಜಾಗ ಆಷಾಢದಲ್ಲಿ ಕೈಕೊಡಬಹುದು. ನ್ಯಾಮತಿ ಕಡೆಯ ಗುಡ್ಡದ ಮರೆಯ ಮನೆಗಳಿಗೆ ತಾರಸಿಯೇ ಗತಿ.

ಮನೆಯೊಳಗಿನ ವೈಫೈಗೆ ಎರಡು ದಾರಿ: 2.4 ಗಿಗಾಹರ್ಟ್ಸ್, 5 ಗಿಗಾಹರ್ಟ್ಸ್. ಮೊದಲನೆಯದು ಗೋಡೆ ದಾಟಿ ಅಡುಗೆಮನೆಗೂ ಮುಟ್ಟುತ್ತದೆ, ಎರಡನೆಯದು ವೇಗವಾಗಿದ್ದರೂ ಒಂದೇ ಕೋಣೆಗೆ ಸಾಕಾಗುತ್ತದೆ. ದೊಡ್ಡ ಮನೆಯವರು 2.4 ಇಟ್ಟುಕೊಳ್ಳಿ.

5. ಲ್ಯಾಪ್‌ಟಾಪ್ ಕೆಲಸಕ್ಕೆ ಕೇಬಲ್ಲೇ ಮೇಲು

ಚಾರ್ಜರಿನ ಯುಎಸ್‌ಬಿ ಕೇಬಲ್‌ನಿಂದ ಫೋನನ್ನು ಲ್ಯಾಪ್‌ಟಾಪ್‌ಗೆ ಜೋಡಿಸಿ ಯುಎಸ್‌ಬಿ ಟೆದರಿಂಗ್ ಒತ್ತಿ. ವೈಫೈಗಿಂತ ಸ್ಥಿರ, ಫೋನಿನ ಬ್ಯಾಟರಿಯೂ ಇಳಿಯುವುದಿಲ್ಲ. ಸಂದರ್ಶನದ ದಿನ ತಪ್ಪದೆ ಇದನ್ನೇ ಬಳಸಿ.

6. ಸೋರಿಕೆ ನಿಲ್ಲಿಸಿ

ಇಲ್ಲೇ ಹೆಚ್ಚಿನವರು ಸೋಲುವುದು. ನಿಮ್ಮ ಕೈಯಲ್ಲಿರುವ ಫೋನು ಹಾಟ್‌ಸ್ಪಾಟ್‌ಗೆ ಸೇರಿದ ಕೂಡಲೇ ಹಲವು ಸಲ ತಾನು ವೈಫೈಯಲ್ಲಿದ್ದೇನೆ, ಇಲ್ಲಿ ಡೇಟಾಕ್ಕೆ ಮಿತಿಯಿಲ್ಲ ಎಂದುಕೊಳ್ಳುತ್ತದೆ. ಮೊಬೈಲ್ ಡೇಟಾದಲ್ಲಿ ತಡೆಹಿಡಿದಿದ್ದ ಕೆಲಸವನ್ನೆಲ್ಲ ಶುರುಮಾಡುತ್ತದೆ. ಮದುವೆಯ ಫೋಟೊಗಳು ಗೂಗಲ್ ಫೋಟೋಸ್‌ಗೆ ಏರುತ್ತವೆ, ವಾಟ್ಸ್ಆ್ಯಪ್ ಗುಂಪುಗಳ ವಿಡಿಯೊಗಳು ತಾವಾಗಿ ಇಳಿಯುತ್ತವೆ, ಆ್ಯಪ್‌ಗಳು ಅಪ್‌ಡೇಟ್ ಆಗುತ್ತವೆ. ಯಾರೂ ಏನೂ ನೋಡದಿದ್ದರೂ ಬೆಳಗಿನ ಹತ್ತಕ್ಕೆ ಕೋಟಾ ಖಾಲಿ! ಮನೆಯಲ್ಲಿ ಮಕ್ಕಳಿಗೆ ಬೈಗುಳ. ಮಕ್ಕಳ ತಪ್ಪು ಅದರಲ್ಲಿ ಏನೂ ಇರುವುದಿಲ್ಲ.

ಪರಿಹಾರ ಹತ್ತು ನಿಮಿಷದ್ದು. ಪ್ರತಿ ಆಂಡ್ರಾಯ್ಡ್ ಫೋನಿನಲ್ಲಿ ಆ ವೈಫೈ ಹೆಸರಿನ ಸೆಟ್ಟಿಂಗ್ಸ್ ತೆರೆದು ಅದನ್ನು ಮೀಟರ್ಡ್, ಅಂದರೆ ಮಿತಿಯುಳ್ಳದ್ದು, ಎಂದು ಗುರುತಿಸಿ. ವಿಂಡೋಸ್ ಲ್ಯಾಪ್‌ಟಾಪ್‌ನಲ್ಲೂ ಮೀಟರ್ಡ್ ಕನೆಕ್ಷನ್ ಆನ್ ಮಾಡಿ, ದೊಡ್ಡ ಅಪ್‌ಡೇಟ್‌ಗಳು ಬಹುತೇಕ ನಿಲ್ಲುತ್ತವೆ. ವಾಟ್ಸ್ಆ್ಯಪ್‌ನಲ್ಲಿ ವೈಫೈ ಇದ್ದಾಗ ತಾನಾಗಿ ಇಳಿಯುವ ಪಟ್ಟಿಯಿಂದ ವಿಡಿಯೊ ತೆಗೆಯಿರಿ. ಯೂಟ್ಯೂಬ್‌ನ ಆಟೊಪ್ಲೇ ನಿಲ್ಲಿಸಿ ಗುಣಮಟ್ಟವನ್ನು 480ಕ್ಕೆ ಇಳಿಸಿ, ಪಾಠದ ಹಲಗೆಯ ಅಕ್ಷರ ಫೋನಿನಲ್ಲಿ ಅಷ್ಟಕ್ಕೇ ಚೆನ್ನಾಗಿ ಕಾಣುತ್ತದೆ. ಸ್ಮಾರ್ಟ್ ಟಿವಿಯನ್ನು ಹಾಟ್‌ಸ್ಪಾಟ್‌ಗೆ ಜೋಡಿಸುವ ಮುನ್ನ ಎರಡು ಸಲ ಯೋಚಿಸಿ. 4ಕೆ ಚಿತ್ರ ಗಂಟೆಗೆ 7 ಜಿಬಿಯವರೆಗೆ ನುಂಗಬಲ್ಲದು.

ಅಡಿಕೆ ಒಣಗಿಸುವ ಕಣಕ್ಕೆ ಸಿಸಿಟಿವಿ ಹಾಕಿಸಿದವರಿಗೆ ಒಂದು ಮಾತು. ಕ್ಯಾಮೆರಾ 1 ಎಂಬಿಪಿಎಸ್‌ನಂತೆ ದಿನವಿಡೀ ಚಿತ್ರ ಕಳಿಸಿದರೆ 10.8 ಜಿಬಿ ಹೋಗುತ್ತದೆ. ಚಿತ್ರವನ್ನು ಕ್ಯಾಮೆರಾದ ಮೆಮೊರಿ ಕಾರ್ಡಿಗೇ ತುಂಬಿಸಿ, ಏನಾದರೂ ಅಲುಗಾಡಿದಾಗ ಮಾತ್ರ ಫೋನಿಗೆ ಸೂಚನೆ ಬರುವಂತೆ ಮಾಡಿಸಿ. ನೇರ ಐಪಿ ವಿಳಾಸ ಬೇಡುವ ಹಳೆಯ ಮಾದರಿಯ ಡಿವಿಆರ್ ಮೊಬೈಲ್ ನೆಟ್‌ವರ್ಕ್‌ನಲ್ಲಿ ಸಾಮಾನ್ಯವಾಗಿ ಹೊರಗಿನಿಂದ ತೆರೆಯುವುದಿಲ್ಲ, ಏಕೆಂದರೆ ಅಲ್ಲಿ ಒಂದೇ ವಿಳಾಸವನ್ನು ಬಹಳ ಗ್ರಾಹಕರು ಹಂಚಿಕೊಂಡಿರುತ್ತಾರೆ. ಕೊಳ್ಳುವ ಮೊದಲೇ ಇದನ್ನು ಕೇಳಿ.

7. "ಅನ್‌ಲಿಮಿಟೆಡ್ 5ಜಿ" ಮಾತಿನ ಒಳಗನ್ನು ಓದಿ

2022ರ ಅಕ್ಟೋಬರಿನಲ್ಲಿ ದೇಶದಲ್ಲಿ 5ಜಿ ಬಂತು. 2024ರ ಜುಲೈನಲ್ಲಿ ದರ ಏರಿಸಿದಾಗ ಜಿಯೊ, ಏರ್‌ಟೆಲ್ ಎರಡೂ ಮಿತಿಯಿಲ್ಲದ 5ಜಿಯನ್ನು ದಿನಕ್ಕೆ 2 ಜಿಬಿ ಅಥವಾ ಹೆಚ್ಚಿನ ಪ್ಯಾಕುಗಳಿಗೆ ಸೀಮಿತಗೊಳಿಸಿದವು. ಅದು ಸಿಗಬೇಕಾದರೆ ಫೋನು 5ಜಿ ಇರಬೇಕು, ಫೋನಿಟ್ಟ ಜಾಗದಲ್ಲಿ 5ಜಿ ಗುರುತು ನಿಂತಿರಬೇಕು. ಗುರುತು 4ಜಿಗೆ ಜಾರಿದ ಕ್ಷಣದಿಂದ ದಿನದ ಕೋಟಾ ಕರಗತೊಡಗುತ್ತದೆ, ನಿಮಗೆ ತಿಳಿಯುವುದೂ ಇಲ್ಲ. ಕಿಟಕಿಯ ಬಳಿ 5ಜಿ ಗಟ್ಟಿಯಾಗಿ ನಿಲ್ಲುವ ಮನೆಯಾದರೆ ಹಳೆಯ ಫೋನನ್ನು ಬಿಟ್ಟು ಸಾಧಾರಣ ಬೆಲೆಯ 5ಜಿ ಫೋನನ್ನೇ ಪೆಟ್ಟಿಗೆ ಮಾಡಿ, ಹಾಕಿದ ಹಣ ಬರುತ್ತದೆ. ಗುರುತು ಬಂದು ಹೋಗಿ ಮಾಡುವ ಮನೆಗೆ ಆ ಖರ್ಚು ದಂಡ. ಆ ಡೇಟಾ ಸ್ವಂತ ಬಳಕೆಗೆ ಕೊಟ್ಟದ್ದು, ಅದರಿಂದ ಸೈಬರ್ ಅಂಗಡಿ ನಡೆಸುವಂತಿಲ್ಲ.

8. ಬಿಸಿಯಾಗಲು ಬಿಡಬೇಡಿ

ದಿನವಿಡೀ ಚಾರ್ಜಿಗೆ ಸಿಕ್ಕಿಸಿ ಹಾಟ್‌ಸ್ಪಾಟ್ ನಡೆಸುವ ಫೋನಿಗೆ ಶಾಖವೇ ಶತ್ರು. ಕವರ್ ತೆಗೆಯಿರಿ. ಕಿಟಕಿಯ ಬಳಿ ಇರಲಿ, ಬಿಸಿಲು ಬೀಳದಿರಲಿ. ಜಗಳೂರಿನ ಏಪ್ರಿಲ್ ಬಿಸಿಲಿನಲ್ಲಿ ಇದನ್ನು ಮರೆತರೆ ಫೋನು ತಾನೇ ವೇಗ ತಗ್ಗಿಸಿಕೊಳ್ಳುತ್ತದೆ, ಕೊನೆಗೆ ಆರಿಹೋಗುತ್ತದೆ. ಚಾರ್ಜನ್ನು 80ಕ್ಕೆ ನಿಲ್ಲಿಸುವ ಸೌಲಭ್ಯ ಹಲವು ಫೋನುಗಳಲ್ಲಿದೆ, ಆನ್ ಮಾಡಿ. ಹಾಸಿಗೆ, ದಿಂಬು, ಗೋಣಿಚೀಲ, ಮೆಕ್ಕೆಜೋಳದ ರಾಶಿ, ಇವುಗಳ ಹತ್ತಿರ ಬೇಡ. ಬೆನ್ನು ಉಬ್ಬಿದ್ದು ಕಂಡರೆ ಅಂದೇ ಬಳಕೆ ನಿಲ್ಲಿಸಿ.

9. ಪಾಸ್‌ವರ್ಡ್ ಗಟ್ಟಿಯಿರಲಿ, ಮನಸ್ಸು ಮೆತ್ತಗಿರಲಿ

ಫೋನ್ ನಂಬರನ್ನೋ ಮನೆದೇವರ ಹೆಸರನ್ನೋ ಪಾಸ್‌ವರ್ಡ್ ಮಾಡಬೇಡಿ. ಅಕ್ಷರ, ಅಂಕಿ ಸೇರಿ ಹನ್ನೆರಡಾದರೂ ಇರಲಿ. ನಿಮ್ಮ ಸಿಮ್ಮಿನಿಂದ ಯಾರೋ ಮಾಡಿದ ಕೆಡುಕಿನ ವಿಚಾರಣೆ ಮೊದಲು ಬರುವುದು ನಿಮ್ಮ ಬಾಗಿಲಿಗೆ. ಹಾಗೆಂದು ಪಕ್ಕದ ಮನೆಯ ಹುಡುಗಿ ಪರೀಕ್ಷೆಯ ಅರ್ಜಿ ತುಂಬಲು ಕೇಳಿದರೆ ಇಲ್ಲವೆನ್ನಬೇಡಿ. ಒಳಗೆ ಕರೆದು ಕೂರಿಸಿ, ಜೋಡಿಸಿಕೊಡಿ. ಅವಳ ಕೆಲಸ ಮುಗಿದ ಮೇಲೆ ಪಾಸ್‌ವರ್ಡ್ ಬದಲಿಸಿದರಾಯಿತು.

10. ಹೊತ್ತು ಹಂಚಿಕೊಳ್ಳಿ

ಹಾಟ್‌ಸ್ಪಾಟ್ ಒಂದೇ ನಲ್ಲಿ, ಎಲ್ಲರೂ ಒಟ್ಟಿಗೆ ಕೊಡ ಹಿಡಿದರೆ ಯಾರ ಕೊಡವೂ ತುಂಬುವುದಿಲ್ಲ. ತರಗತಿ, ಮೀಟಿಂಗ್ ಇರುವ ಹೊತ್ತಿಗೆ ಉಳಿದವರು ವಿಡಿಯೊ ಬಿಡಬೇಕು, ಮನೆಯ ಯಜಮಾನನೂ ಬಿಡಬೇಕು. ಹಲವು ಪ್ಯಾಕುಗಳ ದಿನದ ಕೋಟಾ ನಡುರಾತ್ರಿಗೆ ಹೊಸದಾಗುತ್ತದೆ. ಮಲಗುವ ಮುನ್ನ ಉಳಿದಿದ್ದರೆ ನಾಳೆಯ ಪಾಠದ ವಿಡಿಯೊ ಇಳಿಸಿಡಿ. ದೀಕ್ಷಾ ಆ್ಯಪ್‌ನಲ್ಲಿ ಪಠ್ಯಪುಸ್ತಕದ ಕ್ಯೂಆರ್ ಕೋಡ್ ತೋರಿಸಿ ಪಾಠ ಇಳಿಸಿಕೊಂಡರೆ ಆಮೇಲೆ ನೆಟ್ಟಿಲ್ಲದೆಯೂ ನೋಡಬಹುದು.

11. ಎರಡನೇ ಸಿಮ್ಮು ಬೇರೆ ಟವರಿನದಾಗಿರಲಿ

ಕರೆಂಟು ಹೋದಾಗ ಟವರೂ ಬ್ಯಾಟರಿಯ ಮೇಲೆ ಬದುಕುತ್ತದೆ, ಬ್ಯಾಟರಿ ಮುಗಿದರೆ ಸಿಗ್ನಲ್ ಇಲ್ಲ. ಅದಕ್ಕೇ ಪೆಟ್ಟಿಗೆ ಫೋನಿನ ಎರಡನೇ ಕಿಂಡಿಯಲ್ಲಿ ಇನ್ನೊಂದು ಕಂಪನಿಯ ಸಿಮ್ಮಿರಲಿ. ಆದರೆ ಹೆಸರು ಬೇರೆಯಾದ ಮಾತ್ರಕ್ಕೆ ಟವರ್ ಬೇರೆಯಲ್ಲ. ಎರಡು ಮೂರು ಕಂಪನಿಗಳು ಒಂದೇ ಕಂಬಕ್ಕೆ ತಮ್ಮ ಆ್ಯಂಟೆನಾ ಕಟ್ಟುವುದು ಸಾಮಾನ್ಯ. ಆ ಕಂಬ ಮಲಗಿದರೆ ಎಲ್ಲವೂ ಮಲಗುತ್ತವೆ. ಮುಂದಿನ ಸಲ ಕರೆಂಟು ಬಹಳ ಹೊತ್ತು ಹೋದಾಗ ಯಾರ ಫೋನಿನಲ್ಲಿ ಸಿಗ್ನಲ್ ಉಳಿದಿದೆ ಎಂದು ಬೀದಿಯಲ್ಲಿ ವಿಚಾರಿಸಿ, ಆ ಕಂಪನಿಯದೇ ತನ್ನಿ. ಒಂದು ಪವರ್ ಬ್ಯಾಂಕ್ ಸದಾ ತುಂಬಿರಲಿ. ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದಲ್ಲಿ ನೆಟ್ಟಿದೆಯೇ, ಎಷ್ಟು ಹೊತ್ತು ತೆರೆದಿರುತ್ತದೆ ಎಂಬುದನ್ನು ಪರೀಕ್ಷೆಯ ಹಿಂದಿನ ದಿನವಲ್ಲ, ಈ ವಾರವೇ ಹೋಗಿ ತಿಳಿದುಕೊಳ್ಳಿ.

ಸಿಗ್ನಲ್ ದಿನಗಟ್ಟಲೆ ಕೆಟ್ಟಿದ್ದರೆ 198ಕ್ಕೆ ಕರೆ ಮಾಡಿ ದೂರು ಕೊಟ್ಟು ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ಹತ್ತು ಮನೆಯವರು ಕೊಟ್ಟರೆ ತೂಕ ಬೇರೆ.

12. ಫೈಬರ್ ಬಂದ ದಿನ ಹಟ ಹಿಡಿಯಬೇಡಿ

ಹಾಟ್‌ಸ್ಪಾಟ್ ಎಷ್ಟೇ ಚೆನ್ನಾಗಿ ನಡೆಸಿದರೂ ಅದಕ್ಕೊಂದು ಮಿತಿಯಿದೆ. ಒಂದೇ ಹೊತ್ತಿಗೆ ಮೂವರು ವಿಡಿಯೊದಲ್ಲಿ ಕೂರುವ ಮನೆ, ಟಿವಿಯೂ ನೆಟ್ಟಿನಲ್ಲೇ ನಡೆಯುವ ಮನೆ, ಇವು ಫೈಬರಿಗೆ ಹೋಗಬೇಕು. 2020ರಲ್ಲಿ ಜಿಯೊ 30 ಎಂಬಿಪಿಎಸ್‌ನ ಫೈಬರ್ ಪ್ಯಾಕನ್ನು 399 ರೂಪಾಯಿಗೆ ತಂದಿತು, 18% ಜಿಎಸ್‌ಟಿ ಸೇರಿದರೆ ಸುಮಾರು 471. ಎರಡು ಸಿಮ್ಮುಗಳ ರೀಚಾರ್ಜ್ ಕೂಡಿಸಿ ನೋಡಿ, ಬಹಳಷ್ಟು ಮನೆಗಳಲ್ಲಿ ಅದು ಇದನ್ನು ಮೀರುತ್ತದೆ. 2011ರಲ್ಲಿ ಕೇಂದ್ರ ಒಪ್ಪಿದ, ಈಗ ಭಾರತ್‌ನೆಟ್ ಎಂದು ಕರೆಯುವ ಯೋಜನೆಯ ಉದ್ದೇಶವೇ ಗ್ರಾಮ ಪಂಚಾಯಿತಿಗಳಿಗೆ ಫೈಬರ್ ಮುಟ್ಟಿಸುವುದು. ಪಂಚಾಯಿತಿಗೆ ಬಂದ ವೈರು ನಿಮ್ಮ ಬೀದಿಗೆ ಯಾವಾಗ ಎಂದು ಗ್ರಾಮಸಭೆಯಲ್ಲಿ ಎದ್ದು ಕೇಳಿ. ಕೇಳುವುದು ನಿಮ್ಮ ಹಕ್ಕು.

13. ರೀಚಾರ್ಜ್ ದಿನ ಕ್ಯಾಲೆಂಡರಿನಲ್ಲಿ

28 ದಿನದ ಪ್ಯಾಕು ತಿಂಗಳ ಪ್ಯಾಕಲ್ಲ. ವರ್ಷಕ್ಕೆ ಹನ್ನೆರಡಲ್ಲ, ಹದಿಮೂರು ಸಲ ಹಣ ಕಟ್ಟುತ್ತೀರಿ. 30 ದಿನದ ಒಂದು ಪ್ಯಾಕು, ಪ್ರತಿ ತಿಂಗಳು ಅದೇ ತಾರೀಖಿಗೆ ನವೀಕರಿಸುವ ಇನ್ನೊಂದು ಪ್ಯಾಕು ಇರಲೇಬೇಕೆಂದು ಟ್ರಾಯ್ 2022ರ ಜನವರಿಯಲ್ಲಿ ಕಂಪನಿಗಳಿಗೆ ಆದೇಶಿಸಿತು. ಅಂಗಡಿಯವರು ತಾವಾಗಿ ಹೇಳದಿರಬಹುದು, ಹೆಸರಿಟ್ಟು ಕೇಳಿ. ಮುಗಿಯುವ ತಾರೀಖಿನ ಎರಡು ದಿನ ಮೊದಲೇ ಗೋಡೆಯ ಕ್ಯಾಲೆಂಡರಿನಲ್ಲಿ ಕೆಂಪು ಗೆರೆ ಎಳೆದು, ಅದರ ಕೆಳಗೆ ಸಿಮ್ಮಿನ ನಂಬರು, ಪ್ಯಾಕಿನ ಬೆಲೆ, ಈ ಸಲ ಹಣ ಕಟ್ಟುವವರ ಹೆಸರು ಬರೆದಿಡಿ.